ಗೆದ್ದಲು, ಗೀರು ಮತ್ತು ಕ್ರಮಯೋಜನೆ

1987ರ ಜೂನ್ ತಿಂಗಳ ಮೊದಲ ವಾರ. ಬೇಸಿಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ದಿನ. ಮಲೆನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆ ಅದು, ಹೆಸರು ಬೇಡ. ಗಣಿತ ಹೇಳಿಕೊಡುವ ಮೇಷ್ಟ್ರಿಗೆ ಕಾಗದಪತ್ರದ ಕೆಲಸವೂ ಒಗ್ಗುತ್ತದೆ ಎಂಬ ನಂಬಿಕೆಯಿಂದ ಕಚೇರಿಯ ದಾಖಲೆ ಪುಸ್ತಕಗಳ ಹೊಣೆಯನ್ನು ನನಗೇ ವಹಿಸಿದ್ದರು. ಗೋಡೆಗೆ ಒತ್ತಿ ನಿಲ್ಲಿಸಿದ್ದ ಮರದ ಬೀರುವಿನ ಬಾಗಿಲು ಎಳೆದೊಡನೆ ಹಸಿಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ದಾಖಲಾತಿ ರಿಜಿಸ್ಟರನ್ನು ಎತ್ತಿದಾಗ ಅದರ ಬೆನ್ನಿನಿಂದ ಮಣ್ಣು ಉದುರಿತು. ಗೆದ್ದಲು.

ಗೆದ್ದಲು ಪುಸ್ತಕವನ್ನೆಲ್ಲ ತಿಂದಿರಲಿಲ್ಲ. ಅದು ಒಂದು ಕಡೆಯಿಂದ ಹೊಕ್ಕು, ಹಾಳೆಯಿಂದ ಹಾಳೆಗೆ ದಾರಿ ಕೊರೆದುಕೊಂಡು, ಸುಮಾರು ಮೂವತ್ತು ಹಾಳೆಗಳಲ್ಲಿ ಒಂದೇ ಜಾಗವನ್ನು ಮೇಲಿನಿಂದ ಕೆಳಗೆ ಅಂಗೈಯಗಲ ಮೇದುಬಿಟ್ಟಿತ್ತು. ಮಕ್ಕಳ ಹೆಸರು ಉಳಿದಿತ್ತು, ತಂದೆಯ ಹೆಸರು ಉಳಿದಿತ್ತು, ಶಾಲೆಗೆ ಸೇರಿದ ದಿನವೂ ಉಳಿದಿತ್ತು. ಹೋದದ್ದು ನಡುವಿನ ಎರಡು ಕಾಲಂಗಳು: ‘ಜನ್ಮದಿನಾಂಕ - ಅಂಕಿಗಳಲ್ಲಿ’ ಮತ್ತು ‘ಜನ್ಮದಿನಾಂಕ - ಅಕ್ಷರಗಳಲ್ಲಿ’.

ಈ ಎರಡನೆಯ ಕಾಲಂ ಏಕಿತ್ತು ಎಂಬುದನ್ನು ನನ್ನ ಸಹೋದ್ಯೋಗಿಗಳಿಗೆ ಹೇಳಬೇಕಾಗಿಲ್ಲ. ಅವಸರದಲ್ಲಿ ಬರೆದ 1 ಎಂಬುದು 7ರಂತೆ ಕಂಡೀತು. ಯಾರೋ 3ನ್ನು 8 ಎಂದು ತಿದ್ದಿಯಾರು. ಆಗ ಪಕ್ಕದಲ್ಲಿ ಅಕ್ಷರಗಳಲ್ಲಿ ಬರೆದದ್ದನ್ನು ನೋಡಿ ನಿಜವನ್ನು ತಿಳಿಯಬಹುದು. ಒಂದೇ ಸಂಗತಿಯನ್ನು ಎರಡು ಬಾರಿ ಬರೆದಿಡುವ ಈ ಎಚ್ಚರಿಕೆ ಒಳ್ಳೆಯದೇ. ಆದರೆ ಅದನ್ನು ಅಚ್ಚು ಹಾಕಿಸಿದವರು ಗುಮಾಸ್ತನ ಕೈತಪ್ಪನ್ನು ನೆನೆದಿದ್ದರೇ ಹೊರತು ಗೆದ್ದಲನ್ನು ನೆನೆದಿರಲಿಲ್ಲ. ಮೂಲ ಮತ್ತು ಅದರ ಕಾವಲುಗಾರ ಒಂದೇ ಚಾಪೆಯ ಮೇಲೆ ಮಲಗಿದ್ದರು. ಇಬ್ಬರೂ ಒಟ್ಟಿಗೆ ಹೋದರು.

ಈ ಪ್ರಸಂಗವನ್ನು ನಾನು ಬಹುಮಟ್ಟಿಗೆ ಮರೆತೇಬಿಟ್ಟಿದ್ದೆ. ಅದನ್ನು ಮತ್ತೆ ನೆನಪಿಗೆ ತಂದವನು ಬೆಂಗಳೂರಿನಲ್ಲಿ ಮೊಬೈಲ್ ಚಿಪ್ಪುಗಳ ವಿನ್ಯಾಸದ ಕೆಲಸದಲ್ಲಿರುವ ನನ್ನ ಹೈಸ್ಕೂಲಿನ ಹಳೆಯ ವಿದ್ಯಾರ್ಥಿ. ಹಬ್ಬಕ್ಕೆ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. “ಏನಪ್ಪಾ ನಿನ್ನ ಕೆಲಸ?” ಎಂದೆ. “ಇಂಟರ್‌ಲೀವರ್ ಮಾಡ್ತೀವಿ ಸಾರ್” ಎಂದ. ಹಾಗೆಂದರೇನೆಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ನೀವು ಪರೀಕ್ಷೇಲಿ ನಮ್ಮನ್ನ ಎಬ್ಬಿಸಿ ಎಬ್ಬಿಸಿ ಬೇರೆ ಬೆಂಚಿಗೆ ಕೂರಿಸ್ತಿದ್ರಲ್ಲ, ಅದೇ” ಎಂದ. ಅವನು ಹೋದ ಮೇಲೆ ತಿಂಗಳುಗಟ್ಟಲೆ ಅದನ್ನೇ ಓದಿದೆ. ಓದಿದಷ್ಟೂ ನನ್ನ ಮೇಲೆಯೇ ಕೋಪ ಬಂತು. ಅದರ ಕಾರಣವನ್ನು ಹೇಳಲೆಂದೇ ಈ ಬರಹ.

ಮೊದಲು ವಿಷಯವನ್ನು ನೋಡೋಣ. ಇಂದು ಧ್ವನಿ, ಚಿತ್ರ, ಅಕ್ಷರ ಎಲ್ಲವೂ 0 ಮತ್ತು 1 ಎಂಬ ಬಿಟ್‌ಗಳ ಸಾಲಾಗಿ ಸಾಗುತ್ತವೆ. ದಾರಿಯಲ್ಲಿ ಕೆಲವು ಕೆಡುತ್ತವೆ. ಕೆಟ್ಟದ್ದನ್ನು ತಿದ್ದಿಕೊಳ್ಳಲು ಕಳಿಸುವವನು ಒಂದಿಷ್ಟು ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿ ಕಳಿಸುತ್ತಾನೆ. ನಮ್ಮ ರಿಜಿಸ್ಟರಿನ ಎರಡನೆಯ ಕಾಲಂ ಇದ್ದಂತೆ. 1948ರಲ್ಲಿ ಕ್ಲಾಡ್ ಶ್ಯಾನನ್ ಇಂಥ ರಕ್ಷಣೆಗೆ ಎಲ್ಲೆ ಎಲ್ಲಿದೆ ಎಂಬುದನ್ನು ತೋರಿಸಿದರು. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ 4 ಬಿಟ್‌ಗಳಿಗೆ 3 ಕಾವಲು ಬಿಟ್‌ಗಳನ್ನು ಕೂಡಿಸಿ, ಆ ಏಳರಲ್ಲಿ ಯಾವುದೇ ಒಂದು ಕೆಟ್ಟರೂ ತಿದ್ದಬಲ್ಲ ಸಂಕೇತವನ್ನು ಕೊಟ್ಟರು. ಗಮನಿಸಿ: ಒಂದು ಕೆಟ್ಟರೆ. ಎರಡು ಕೆಟ್ಟರೆ ಅದು ತಿದ್ದಲಾರದು.

ಲೋಕದಲ್ಲಿ ತಪ್ಪುಗಳು ಒಂದೊಂದಾಗಿ, ಶಿಸ್ತಾಗಿ, ದೂರದೂರ ನಿಂತು ಬರುವುದಿಲ್ಲವಲ್ಲ. ಗೊಂಚಲಾಗಿ ಬರುತ್ತವೆ. ಸಿ.ಡಿ.ಯ ಮೇಲೆ ಗೀರು ಬಿದ್ದರೆ ಸಾಲುಸಾಲು ಬಿಟ್‌ಗಳು ಹೋಗುತ್ತವೆ. ಬಸ್ಸಿನಲ್ಲಿ ಮಾತಾಡುತ್ತಿರುವಾಗ ಮೊಬೈಲಿನ ಅಲೆ ಒಂದು ಕ್ಷಣ ಕುಸಿದರೆ ಆ ಕ್ಷಣದ ಬಿಟ್‌ಗಳೆಲ್ಲ ಒಟ್ಟಿಗೆ ಅಳಿಯುತ್ತವೆ. ಸಂಕೇತ ಎಷ್ಟೇ ಜಾಣತನದ್ದಾಗಿರಲಿ, ಗೊಂಚಲು ತಪ್ಪಿನೆದುರು ತಲೆಬಾಗುತ್ತದೆ. ಇಲ್ಲಿಯೇ ಇಂಟರ್‌ಲೀವರ್ ಬರುವುದು. ಅದು ಒಂದೇ ಒಂದು ಬಿಟ್‌ಅನ್ನೂ ಹೊಸದಾಗಿ ಸೇರಿಸುವುದಿಲ್ಲ. ಇದ್ದವುಗಳ ಸರತಿಯನ್ನು ಬದಲಿಸಿ ಕಳಿಸುತ್ತದೆ. ಮುಟ್ಟಿದ ಮೇಲೆ ಮತ್ತೆ ಮೊದಲಿನ ಸರತಿಗೆ ತರುತ್ತದೆ. ದಾರಿಯಲ್ಲಿ ಒಟ್ಟಿಗೆ ಕೆಟ್ಟವು ಮನೆ ಸೇರಿದಾಗ ಚೆದುರಿರುತ್ತವೆ. (ಕನ್ನಡದಲ್ಲಿ ಇದನ್ನು ‘ಎಡೆಹೆಣಿಗೆ’ ಎನ್ನಬಹುದೆಂದು ನನಗೆ ತೋರುತ್ತದೆ. ಒಪ್ಪದವರು ಇಂಟರ್‌ಲೀವರ್ ಎಂದೇ ಅನ್ನಲಿ, ಜಗಳವಿಲ್ಲ.)

ಕಾಗದ ಪೆನ್ಸಿಲು ತೆಗೆದುಕೊಳ್ಳಿ. ನಾಲ್ಕು ನಾಲ್ಕು ಅಕ್ಷರಗಳ ನಾಲ್ಕು ಪದಗಳನ್ನು ಒಂದರ ಕೆಳಗೊಂದು ಬರೆಯಿರಿ: ಅರಮನೆ, ಗುರುಕುಲ, ಹಸಿರೆಲೆ, ಮಳೆಗಾಲ. ಇದನ್ನು ಅಡ್ಡಸಾಲಿನಂತೆ ಓದದೆ ಕಂಬಸಾಲಿನಂತೆ ಓದಿ ಕಳಿಸೋಣ: ಅಗುಹಮ, ರರುಸಿಳೆ, ಮಕುರೆಗಾ, ನೆಲಲೆಲ. ಕೇಳಿದವರಿಗೆ ಹುಚ್ಚು ಹಿಡಿದಂತಿದೆ. ಈಗ ದಾರಿಯಲ್ಲಿ ನಾಲ್ಕು ಅಕ್ಷರಗಳು ಒಟ್ಟಿಗೆ ಅಳಿದುಹೋಗಲಿ. ‘ರರುಸಿಳೆ’ ಪೂರ್ತಿ ಹೋಯಿತೆನ್ನಿ. ಉಳಿದದ್ದನ್ನು ಮತ್ತೆ ಚೌಕಕ್ಕೆ ತುಂಬಿದರೆ ಸಿಗುವುದು: ಅ-ಮನೆ, ಗು-ಕುಲ, ಹ-ರೆಲೆ, ಮ-ಗಾಲ. ನಾಲ್ಕನ್ನೂ ನೀವು ಓದಿಯೇಬಿಟ್ಟಿರಿ! ಮೊದಲಿನ ಸರತಿಯಲ್ಲಿ ಕಳಿಸಿದ್ದರೆ ಅದೇ ನಾಲ್ಕು ಅಕ್ಷರಗಳ ನಷ್ಟಕ್ಕೆ ‘ಗುರುಕುಲ’ ಸಮೂಲ ನಾಶವಾಗುತ್ತಿತ್ತು. ಯಾವ ಪಂಡಿತನೂ ಅದನ್ನು ಊಹಿಸಿ ತುಂಬಲಾರ.

ನಷ್ಟವೇನೂ ಕಡಿಮೆಯಾಗಲಿಲ್ಲ, ಎರಡು ಬಾರಿಯೂ ಹೋದದ್ದು ನಾಲ್ಕೇ ಅಕ್ಷರ. ನಿಮ್ಮನ್ನು ಉಳಿಸಿದ್ದು ಕನ್ನಡ ಪದಗಳಲ್ಲೇ ಇರುವ ಹೆಚ್ಚುವರಿ ಸುಳಿವು. ಇಂಟರ್‌ಲೀವರ್ ಮಾಡಿದ್ದು ಆ ಸುಳಿವಿಗೆ ಕೆಲಸ ಮಾಡಲು ಅವಕಾಶ ಕೊಟ್ಟದ್ದು, ಅಷ್ಟೇ. ಸಂಕೇತವಿಲ್ಲದೆ ಬರಿಯ ಇಂಟರ್‌ಲೀವರ್ ಇದ್ದರೆ ಹಾನಿಯನ್ನು ಎಲ್ಲರಿಗೂ ಹಂಚಿದಂತಾಗುತ್ತದೆಯೇ ವಿನಾ ಯಾರಿಗೂ ಉಪಕಾರವಾಗುವುದಿಲ್ಲ.

ಈ ನಾಲ್ಕು ನಾಲ್ಕರ ಚೌಕಕ್ಕೂ ಒಂದು ಮರ್ಮಸ್ಥಾನವಿದೆ. ಕಳಿಸಿದ ಹದಿನಾರರಲ್ಲಿ 2, 6, 10, 14ನೆಯ ಅಕ್ಷರಗಳನ್ನು ಮಾತ್ರ ಅಳಿಸಿ ನೋಡಿ. ಗು, ರು, ಕು, ಲ. ಗುರುಕುಲ ಮತ್ತೆ ಮಾಯ! ನಾಲ್ಕು ಹೆಜ್ಜೆಗೊಮ್ಮೆ ಕುಟುಕುವ ಶತ್ರುವಿಗೆ ನಾಲ್ಕರ ಚೌಕವೇ ಬಾಗಿಲು ತೆರೆದುಕೊಟ್ಟಂತಾಯಿತು. ಒಂದು ಬಗೆಯ ಶತ್ರುವಿಗೆ ಕಟ್ಟಿದ ಕೋಟೆ ಇನ್ನೊಂದು ಬಗೆಯವನಿಗೆ ರಾಜಮಾರ್ಗವಾಗುತ್ತದೆ. ಆದುದರಿಂದ ಶತ್ರು ಯಾರು, ಎಷ್ಟು ಉದ್ದದ ಪೆಟ್ಟು ಕೊಡುತ್ತಾನೆ ಎಂಬುದನ್ನು ಮೊದಲು ಅರಿಯಬೇಕು. ವಿನ್ಯಾಸ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿಂದಲೇ.

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಮಾರುಕಟ್ಟೆಗೆ ತಂದ ಸಿ.ಡಿ.ಯನ್ನು ನೋಡಿ. ಅದರಲ್ಲಿ ಹಾಡನ್ನು 24 ಬೈಟ್‌ಗಳ ತುಣುಕುಗಳಾಗಿ ಕತ್ತರಿಸುತ್ತಾರೆ. ಪ್ರತಿಯೊಂದಕ್ಕೂ 4 ಕಾವಲು ಬೈಟ್‌ಗಳನ್ನು ಸೇರಿಸಿದರೆ 28 ಆಯಿತು. ಈ 28 ಬೈಟ್‌ಗಳನ್ನು ಒಟ್ಟಿಗೆ ಬರೆಯದೆ, ಒಂದೊಂದನ್ನೂ ಹಿಂದಿನದಕ್ಕಿಂತ 4 ಚೌಕಟ್ಟುಗಳಷ್ಟು ಮುಂದೆ ತಳ್ಳುತ್ತಾರೆ. ಮೊದಲನೆಯದು ಇಲ್ಲಿದ್ದರೆ ಕೊನೆಯದು 108 ಚೌಕಟ್ಟುಗಳಾಚೆ. ಆಮೇಲೆ ಮತ್ತೆ 4 ಕಾವಲು ಬೈಟ್‌ಗಳು, ಒಟ್ಟು 32. ಈಗ ಗೀರೊಂದು 16 ಚೌಕಟ್ಟುಗಳನ್ನು ಪೂರ್ತಿ ಅಳಿಸಿತು ಎನ್ನೋಣ. ನಾಲ್ಕು ನಾಲ್ಕರ ಅಂತರದಲ್ಲಿ ಕುಳಿತವರಾದ್ದರಿಂದ ಯಾವ ತುಣುಕಿಗೂ ನಾಲ್ಕಕ್ಕಿಂತ ಹೆಚ್ಚು ಬೈಟ್‌ಗಳ ನಷ್ಟವಿಲ್ಲ. ಎಲ್ಲಿ ಹೋಗಿವೆ ಎಂದು ಗೊತ್ತಿದ್ದರೆ, ಕಾಣೆಯಾದ ನಾಲ್ಕನ್ನು ನಾಲ್ಕು ಕಾವಲುಗಾರರು ಹುಡುಕಿ ಕೊಡಬಲ್ಲರು. ಲೆಕ್ಕ ಹಾಕಿದರೆ ಸುಮಾರು 4000 ಬಿಟ್‌ಗಳು. ತಟ್ಟೆಯ ಮೇಲೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಜಾಡು. ಅಷ್ಟು ಪೂರ್ತಿ ಅಳಿದರೂ ಹಾಡು ಒಂದು ಸ್ವರವನ್ನೂ ಕಳೆದುಕೊಳ್ಳದೆ ಕೇಳುತ್ತದೆ.

ಇದನ್ನು ಓದಿದ ದಿನ ನನಗೆ ಇನ್ನೊಂದು ಜ್ಞಾನೋದಯವಾಯಿತು. ಸಿ.ಡಿ.ಯನ್ನು ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತುಸುತ್ತಾಗಿ ಒರೆಸಬಾರದು ಎಂದು ಸಿ.ಡಿ.ಯ ಜೊತೆಗೆ ಬರುವ ಚೀಟಿಗಳಲ್ಲಿ ಬರೆದಿರುತ್ತಿತ್ತು. ನಾನು ಮನೆಯಲ್ಲಿದ್ದ ಯಕ್ಷಗಾನದ ಸಿ.ಡಿ.ಗಳನ್ನು ಸ್ಲೇಟು ಒರೆಸುವಂತೆ ಗರಗರನೆ ಸುತ್ತಿ ಒರೆಸುತ್ತಿದ್ದೆ. ನೇರ ಗೀರು ಜಾಡನ್ನು ಅಡ್ಡ ದಾಟುತ್ತದೆ. ಒಂದು ಸುತ್ತಿಗೆ ಒಂದು ಚಿಕ್ಕ ಗಾಯ. ಸುತ್ತು ಗೀರು ಜಾಡಿನ ಉದ್ದಕ್ಕೂ ಓಡುತ್ತದೆ. ಎರಡೂವರೆ ಮಿಲಿಮೀಟರಿನ ಲಕ್ಷ್ಮಣರೇಖೆಯನ್ನು ಸಲೀಸಾಗಿ ದಾಟುತ್ತದೆ. ಭಾಗವತರ ಒಂದು ಒಳ್ಳೆಯ ಪದ್ಯ ನಡುವೆಯೇ ತಡವರಿಸಿ ನಿಲ್ಲುವುದಕ್ಕೆ ತಯಾರಕರನ್ನು ಬಯ್ಯುತ್ತಿದ್ದೆ. ತಪ್ಪು ನನ್ನ ಪಂಚೆಯ ಚುಂಗಿನದಾಗಿತ್ತು.

ಮೊಬೈಲಿನ ಲೆಕ್ಕ ಬೇರೆ. ಭಾರತದಲ್ಲಿ 1995ರ ಜುಲೈ 31ರಂದು ಮೊದಲ ಮೊಬೈಲ್ ಕರೆ ನಡೆದಾಗ ಬಳಕೆಗೆ ಬಂದ ಜಿ.ಎಸ್.ಎಂ. ಪದ್ಧತಿಯಲ್ಲಿ 20 ಮಿಲಿಸೆಕೆಂಡಿನಷ್ಟು ಮಾತನ್ನು 456 ಬಿಟ್‌ಗಳಾಗಿ ಮಾಡುತ್ತಾರೆ. ಅವನ್ನು 57ರಂತೆ ಎಂಟು ಪಾಲು ಮಾಡಿ ಎಂಟು ಬೇರೆ ಬೇರೆ ಕಂತುಗಳಲ್ಲಿ ಕಳಿಸುತ್ತಾರೆ. ಒಂದು ಕಂತು ಪೂರ್ತಿ ಮುಳುಗಿದರೂ ಹೋಗುವುದು ಎಂಟನೆಯ ಒಂದು ಭಾಗ. ಕಂತಿನೊಳಗೆ ಯಾವ ಬಿಟ್ ಎಲ್ಲಿ ಕೂರಬೇಕೆಂಬುದಕ್ಕೂ ಸೂತ್ರವಿದೆ: ಬಿಟ್‌ನ ಸಂಖ್ಯೆಯನ್ನು 49ರಿಂದ ಗುಣಿಸಿ 57ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ನೋಡಿ ಜಾಗ ಕೊಡುತ್ತಾರೆ. 49ಕ್ಕೂ 57ಕ್ಕೂ ಮ.ಸಾ.ಅ. 1 ಆಗಿರುವುದರಿಂದ ಇಬ್ಬರಿಗೆ ಒಂದೇ ಕುರ್ಚಿ ಸಿಗುವ ಗೊಂದಲವಿಲ್ಲ. ಮ.ಸಾ.ಅ. ಏಕೆ ಕಲಿಯಬೇಕು ಎಂದು ಕೇಳಿದ ಮಕ್ಕಳಿಗೆ ನಾನು ಕೊಡುತ್ತಿದ್ದ ಉತ್ತರ, ಭಿನ್ನರಾಶಿಗಳನ್ನು ಸಂಕ್ಷೇಪಿಸಲು ಎಂದು. ಅವರ ಮುಂದಿನ ಪ್ರಶ್ನೆ, ಭಿನ್ನರಾಶಿಗಳನ್ನು ಏಕೆ ಸಂಕ್ಷೇಪಿಸಬೇಕು ಎಂದಾಗಿರುತ್ತಿತ್ತು.

ಎಂಟು ಕಂತುಗಳೆಂದರೆ ಸುಮಾರು 37 ಮಿಲಿಸೆಕೆಂಡುಗಳ ಕಾಯುವಿಕೆ. ಕೊನೆಯ ಕಂತು ಬರುವವರೆಗೆ ಮೊದಲ ಕಂತಿನವರು ಸುಮ್ಮನೆ ಕುಳಿತಿರಬೇಕು. ಇಂಟರ್‌ಲೀವರ್ ವಸೂಲು ಮಾಡುವ ಸುಂಕ ಇದೊಂದೇ, ಕಾಲ. ಇನ್ನೂ ದೂರ ಹರಡಿದ್ದರೆ ಇನ್ನೂ ದೊಡ್ಡ ಪೆಟ್ಟನ್ನು ತಾಳಬಹುದಿತ್ತು. ಆದರೆ ‘ಹಲೋ’ ಎಂದದ್ದಕ್ಕೆ ಮರುಮಾತು ಬರಲು ಅರ್ಧ ಸೆಕೆಂಡು ಹಿಡಿದರೆ ಇಬ್ಬರೂ ಒಟ್ಟಿಗೆ ಮಾತಾಡಲು ತೊಡಗಿ ಜಗಳವಾದೀತು.

ಮಳೆಗಾಲದಲ್ಲಿ ನಮ್ಮ ಊರಿನವರು ಛತ್ರಿಯಂಥ ಡಿ.ಟಿ.ಎಚ್. ತಟ್ಟೆಯನ್ನು ಶಪಿಸುವುದುಂಟು. ಉಪಗ್ರಹದಿಂದ ಮನೆಗೆ ನೇರವಾಗಿ ಬರುವ ಡಿ.ವಿ.ಬಿ.-ಎಸ್. ಪ್ರಸಾರದಲ್ಲೂ ಇಂಟರ್‌ಲೀವರ್ ಇದೆ. 204 ಬೈಟ್‌ಗಳ ಪೊಟ್ಟಣವನ್ನು 12 ಓಣಿಗಳಲ್ಲಿ ಕಳಿಸುತ್ತಾರೆ. ಮೊದಲ ಓಣಿಯಲ್ಲಿ ತಡವಿಲ್ಲ. ಆಮೇಲೆ ಪ್ರತಿ ಓಣಿಯಲ್ಲೂ 17 ಬೈಟ್‌ಗಳಷ್ಟು ಹೆಚ್ಚು ತಡ. 12ನ್ನು 17ರಿಂದ ಗುಣಿಸಿದರೆ 204! ಓಣಿಗಳಲ್ಲಿ ಹರಿಯಬಿಟ್ಟು ಚೆದುರಿಸುವ ಇಂಥ ಉಪಾಯವನ್ನು 1970ರ ಸುಮಾರಿಗೆ ರಾಮ್ಸೆ ಮತ್ತು ಫಾರ್ನಿ ಎಂಬ ಅಮೆರಿಕದ ಎಂಜಿನಿಯರುಗಳು ರೂಪಿಸಿದರು. ಚೌಕ ತುಂಬುವವರೆಗೆ ಕಾಯುವ ಪದ್ಧತಿಗಿಂತ ಇದಕ್ಕೆ ಕಡಿಮೆ ಸ್ಮೃತಿಕೋಶ, ಕಡಿಮೆ ಕಾಲ ಸಾಕು. ಅಷ್ಟಿದ್ದೂ ಮಳೆಗೆ ಚಿತ್ರ ನಿಲ್ಲುವುದೇಕೆ? ಸೆಕೆಂಡಿಗೆ ಮೂರು ನಾಲ್ಕು ಕೋಟಿ ಬಿಟ್‌ಗಳು ಹರಿಯುವಾಗ ಈ ಓಣಿಗಳೆಲ್ಲ ಸೇರಿ ಹರಡುವ ಅವಧಿ ಒಂದು ಮಿಲಿಸೆಕೆಂಡಿನ ಅರ್ಧದಷ್ಟು. ಆಗುಂಬೆಯ ಕಡೆಯಿಂದ ಬರುವ ಮಳೆ ಅರ್ಧ ಮಿಲಿಸೆಕೆಂಡಿಗೆ ನಿಲ್ಲುತ್ತದೆಯೇ? ಪೆಟ್ಟಿನ ಉದ್ದ ಇಂಟರ್‌ಲೀವರಿನ ಉದ್ದಕ್ಕಿಂತ ಹೆಚ್ಚಾದರೆ ಅದು ಇದ್ದೂ ಇಲ್ಲದಂತೆ.

ಇನ್ನು ನನ್ನ ಕೋಪದ ವಿಷಯ. ಹತ್ತನೆಯ ತರಗತಿಯಲ್ಲಿ ‘ಕ್ರಮಯೋಜನೆ ಮತ್ತು ವಿಕಲ್ಪ’ ಎಂಬ ಪಾಠವನ್ನು ನಾನು ವರ್ಷಗಟ್ಟಲೆ ಹೇಳಿದ್ದೇನೆ. ಏಳು ಜನ ಒಂದು ಬೆಂಚಿನಲ್ಲಿ ಎಷ್ಟು ರೀತಿಯಲ್ಲಿ ಕುಳಿತುಕೊಳ್ಳಬಹುದು? 5040. ದುಂಡು ಮೇಜಿನ ಸುತ್ತ? 720. ಇಬ್ಬರು ಗೆಳೆಯರು ಒಟ್ಟಿಗೇ ಇರಬೇಕೆಂದರೆ? ಹೀಗೆಯೇ ಪಾಠ ಮುಗಿಯುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಹೇಗೆ ಕೂತ್ರೆ ಒಳ್ಳೇದು ಸಾರ್?” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. “ಕೂತ್ಕೋ” ಎಂದೆ. ಅವನು ಕೂತ. ಆ ಪಾಠದಲ್ಲಿ ಕೇಳಬೇಕಾಗಿದ್ದ ಏಕೈಕ ಪ್ರಶ್ನೆಯನ್ನು ಅವನು ಕೇಳಿದ್ದ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಎಷ್ಟು ರೀತಿ ಎಂಬುದು ಎಣಿಕೆ. ಯಾವ ರೀತಿ ಎಂಬುದು ವಿವೇಕ. ನಮ್ಮ ಪಠ್ಯಪುಸ್ತಕಗಳು ಎಣಿಕೆಯಲ್ಲೇ ನಿಂತುಬಿಡುತ್ತವೆ ಎಂಬುದು ನನ್ನ ಆಕ್ಷೇಪ. 40 ಬಿಟ್‌ಗಳನ್ನು ಸಾಲಾಗಿ ನಿಲ್ಲಿಸುವ ರೀತಿಗಳು ಎಷ್ಟೆಂದು ಕೇಳಿದರೆ 40 ಫ್ಯಾಕ್ಟೋರಿಯಲ್ ಎಂದು ಬರೆದು ಹುಡುಗ ಪೂರ್ಣಾಂಕ ಪಡೆಯುತ್ತಾನೆ. 48 ಅಂಕಿಗಳ ಆ ದೈತ್ಯ ಸಂಖ್ಯೆಯೊಳಗಿಂದ ಒಂದೇ ಒಂದನ್ನು ಎತ್ತಿಕೊಳ್ಳಬೇಕಾದ ಎಂಜಿನಿಯರಿನ ಪಾಡು ಅಲ್ಲಿಂದ ಆರಂಭವಾಗುತ್ತದೆ.

ಚೀಟಿ ಎತ್ತಿ ಕಲಸಿಬಿಟ್ಟರಾಯಿತಲ್ಲ ಎಂದು ನಾನೂ ಯೋಚಿಸಿದೆ. ಪರೀಕ್ಷಾ ಕೊಠಡಿಯ ಅನುಭವ ಬೇರೆ ಹೇಳುತ್ತದೆ. ಹಿಂದೊಮ್ಮೆ ನಮ್ಮ ಶಾಲೆಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನ್ಯಾಯವಾಗಿರಲೆಂದು ಚೀಟಿ ಎತ್ತಿಸಿ ಕೂರಿಸಿದೆವು. ಒಂದೇ ಬೀದಿಯ ಇಬ್ಬರು ಜೀವದ ಗೆಳೆಯರು ಮತ್ತೆ ಪಕ್ಕಪಕ್ಕಕ್ಕೇ ಬಂದರು! ವಿಧಿಯೆಂದುಕೊಂಡೆವು. ವಿಧಿಯಲ್ಲ, ಗಣಿತ. ಒಂದೇ ಸಾಲಿನ 40 ಜನರನ್ನು ಮನಬಂದಂತೆ ಕಲಸಿದರೆ, ಮೊದಲು ಪಕ್ಕದಲ್ಲಿದ್ದವರ ಒಂದಾದರೂ ಜೋಡಿ ಮತ್ತೆ ಪಕ್ಕದಲ್ಲೇ ಬರುವ ಸಂಭವ ನೂರಕ್ಕೆ ಸುಮಾರು 86. ಸಂಪೂರ್ಣ ಅವ್ಯವಸ್ಥೆ ಎಂಬುದು ಒಳ್ಳೆಯ ಚೆದುರುವಿಕೆಯಲ್ಲ. ಆದುದರಿಂದ 1995ರಲ್ಲಿ ದಿವ್ಸಲಾರ್ ಮತ್ತು ಪೊಲ್ಲಾರ ಎಂಬ ವಿಜ್ಞಾನಿಗಳು ಕಲಸುವಾಗಲೇ ಒಂದು ಷರತ್ತು ಹಾಕಿದರು: ಮೊದಲು ಇಂತಿಷ್ಟು ಹತ್ತಿರವಿದ್ದವರು ಆಮೇಲೆ ಅಷ್ಟಕ್ಕಿಂತ ದೂರವಿರಲೇಬೇಕು, ಇಲ್ಲವಾದರೆ ಚೀಟಿಯನ್ನು ಮತ್ತೆ ಹಾಕಿ ಬೇರೆ ಎತ್ತು. ಆ ‘ಇಂತಿಷ್ಟು’ ಎಂಬುದನ್ನು ಒಟ್ಟು ಸಂಖ್ಯೆಯ ಅರ್ಧದ ವರ್ಗಮೂಲದೊಳಗೆ ಇಟ್ಟರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. 40ಕ್ಕೆ 20ರ ವರ್ಗಮೂಲ, ಅಂದರೆ 4. ಅದಕ್ಕಿಂತ ಹೆಚ್ಚು ಆಸೆಪಟ್ಟರೆ ಚೀಟಿ ಎತ್ತುತ್ತಲೇ ಕೂರಬೇಕಾದೀತು.

ಅವರಿಗೆ ಈ ಚಿಂತೆ ಹತ್ತಲು ಕಾರಣ 1993ರಲ್ಲಿ ಫ್ರಾನ್ಸಿನ ಕ್ಲೋದ್ ಬೆರೂ ಮತ್ತು ಸಂಗಡಿಗರು ಜಿನೀವಾದ ಸಮ್ಮೇಳನದಲ್ಲಿ ಮಂಡಿಸಿದ ಟರ್ಬೊ ಸಂಕೇತ. ಶ್ಯಾನನ್ ತೋರಿಸಿದ ಎಲ್ಲೆಗೆ 0.7 ಡೆಸಿಬೆಲ್‌ನಷ್ಟು ಹತ್ತಿರ ಹೋಗಿದ್ದೇವೆ ಎಂದಾಗ ಬಲ್ಲವರು ಸುಲಭಕ್ಕೆ ನಂಬಲಿಲ್ಲ. ಅದರ ಹೃದಯದಲ್ಲಿದ್ದದ್ದು 65,536 ಸ್ಥಾನಗಳ ಒಂದು ಇಂಟರ್‌ಲೀವರ್. ಇಲ್ಲಿ ಅದರ ಪಾತ್ರ ಗೀರು ಗೆದ್ದಲುಗಳಿಂದ ಕಾಪಾಡುವುದಲ್ಲ. ಒಂದೇ ಸಂದೇಶವನ್ನು ಎರಡು ಬೇರೆ ಬೇರೆ ಸರತಿಗಳಲ್ಲಿ ಎರಡು ಸಂಕೇತಕಾರಗಳಿಗೆ ಕೊಡುತ್ತಾರೆ. ಉತ್ತರಪತ್ರಿಕೆಯನ್ನು ಇಬ್ಬರು ಮೌಲ್ಯಮಾಪಕರು ತಿದ್ದುವಾಗ ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣಬಾರದೆಂಬ ನಿಯಮವಿದೆಯಲ್ಲವೇ? ಒಬ್ಬನಿಗೆ ಅನುಮಾನ ಹುಟ್ಟಿಸಿದ ಸಾಲು ಇನ್ನೊಬ್ಬನಿಗೆ ಬೇರೆಯೇ ನೆರೆಹೊರೆಯಲ್ಲಿ ಕಾಣಿಸುವುದರಿಂದ ಅವನ ಅಭಿಪ್ರಾಯಕ್ಕೆ ಸ್ವತಂತ್ರ ಬೆಲೆಯಿದೆ. ಆಮೇಲೆ ಇಬ್ಬರೂ ತಮ್ಮ ತಮ್ಮ ಸಂದೇಹಗಳನ್ನು ಹಲವು ಸುತ್ತು ವಿನಿಮಯ ಮಾಡಿಕೊಂಡು ನಿಜಕ್ಕೆ ತಲುಪುತ್ತಾರೆ. ಸರತಿ ಸರಿಯಾಗಿ ಬದಲಾಗದಿದ್ದರೆ ಇಬ್ಬರೂ ಒಂದೇ ತಪ್ಪನ್ನು ಮಾಡಿ ಪರಸ್ಪರ ಬೆನ್ನು ತಟ್ಟಿಕೊಳ್ಳುತ್ತಾರೆ. ಇಂಥದ್ದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ, ಇರಲಿ.

ನನಗೆ ಪರಮಾನಂದ ಕೊಟ್ಟದ್ದು ಇದರ ಮುಂದಿನ ಮಜಲು. ಕಲಸಿದ ಪಟ್ಟಿಯನ್ನು ಪ್ರತಿ ಫೋನಿನಲ್ಲೂ ಬರೆದಿಟ್ಟುಕೊಳ್ಳುವುದು ದುಬಾರಿ. ಸೂತ್ರವಿದ್ದರೆ ಒಳಿತು. 2005ರಲ್ಲಿ ಸನ್ ಮತ್ತು ತಾಕೆಶಿತಾ ಎಂಬಿಬ್ಬರು ವರ್ಗ ಬಹುಪದೋಕ್ತಿಯನ್ನೇ ಸೂತ್ರವಾಗಿಸಬಹುದೆಂದು ತೋರಿಸಿದರು. ನಾಲ್ಕನೆಯ ಪೀಳಿಗೆಯ ಎಲ್.ಟಿ.ಇ. ಫೋನುಗಳು ಅದನ್ನೇ ಅಳವಡಿಸಿಕೊಂಡವು. 40ರಿಂದ 6144ರವರೆಗೆ 188 ಅಳತೆಗಳಿಗೆ ಸೂತ್ರಗಳಿವೆ. ಅತಿ ಚಿಕ್ಕದಾದ 40ರ ಸೂತ್ರವನ್ನು ಹತ್ತನೆಯ ತರಗತಿಯ ಮಗು ಮಾಡಬಲ್ಲದು: ಸ್ಥಾನಸಂಖ್ಯೆಯ ಮೂರರಷ್ಟಕ್ಕೆ ಅದರ ವರ್ಗದ ಹತ್ತರಷ್ಟನ್ನು ಕೂಡಿಸಿ, 40ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ. 0 ಇದ್ದಲ್ಲೇ ಇರುತ್ತದೆ. 1 ಹೋಗಿ 13ರಲ್ಲಿ ಕೂರುತ್ತದೆ. 2 ಹೋಗಿ 6ರಲ್ಲಿ. 3 ಹೋಗಿ 19ರಲ್ಲಿ. 4 ಹೋಗಿ 12ರಲ್ಲಿ. 5 ಹೋಗಿ 25ರಲ್ಲಿ. ನಾನು ನಲವತ್ತನ್ನೂ ಕುಳಿತು ಮಾಡಿದೆ. ಯಾರಿಗೂ ಜಾಗ ತಪ್ಪಲಿಲ್ಲ, ಇಬ್ಬರು ಒಂದೇ ಜಾಗಕ್ಕೆ ಬರಲಿಲ್ಲ. ಪಕ್ಕದಲ್ಲಿದ್ದ ಯಾವ ಜೋಡಿಯೂ ಏಳು ಸ್ಥಾನಗಳಿಗಿಂತ ಹತ್ತಿರ ಉಳಿಯಲಿಲ್ಲ. ಕಾರಣವೂ ಸರಳ: 3ಕ್ಕೂ 40ಕ್ಕೂ ಮ.ಸಾ.ಅ. 1, 40ರ ಅವಿಭಾಜ್ಯ ಅಪವರ್ತನಗಳಾದ 2 ಮತ್ತು 5 ಎರಡೂ 10ರಲ್ಲಿವೆ. ಸಮ ಸಂಖ್ಯೆಗಳಿಗೆ ಹತ್ತರಷ್ಟು ವರ್ಗದ ಭಾಗ ಪೂರ್ತಿ ಅಳಿದುಹೋಗುತ್ತದೆ, ಬೆಸ ಸಂಖ್ಯೆಗಳಿಗೆ ಯಾವಾಗಲೂ 10 ಉಳಿಯುತ್ತದೆ. ಏಕೆಂದು ಯೋಚಿಸಿ ನೋಡಿ, ಸ್ವಾರಸ್ಯವಿದೆ.

ದೋಷವೂ ಇದೆ, ಮುಚ್ಚಿಡುವುದಿಲ್ಲ. 1ನೆಯವನೂ 4ನೆಯವನೂ 13 ಮತ್ತು 12ರಲ್ಲಿ ಪಕ್ಕಪಕ್ಕ ಬಂದರು. ನಲವತ್ತು ಜನರ ಪುಟ್ಟ ಸಾಲಿನಲ್ಲಿ ಎಲ್ಲರೂ ಎಲ್ಲರಿಂದ ದೂರ ಓಡಲು ಸ್ಥಳವೆಲ್ಲಿ? ಅದನ್ನು ಬಿಟ್ಟುಕೊಟ್ಟು ಎಂಜಿನಿಯರುಗಳು ಪಡೆದದ್ದು ಇನ್ನೊಂದು ಅನುಕೂಲ: ಹಲವು ಕೆಲಸಗಾರರು ಏಕಕಾಲಕ್ಕೆ ಬೇರೆ ಬೇರೆ ಕಪಾಟುಗಳಿಂದ ಬಿಟ್‌ಗಳನ್ನು ತೆಗೆಯುವಾಗ ಇಬ್ಬರ ಕೈ ಒಂದೇ ಕಪಾಟಿಗೆ ಹೋಗದಂತೆ ಈ ಸೂತ್ರವೇ ನೋಡಿಕೊಳ್ಳುತ್ತದೆ. ವೇಗದ ಫೋನಿಗೆ ಅದು ಬಹಳ ದೊಡ್ಡ ಮಾತು. ಐದನೆಯ ಪೀಳಿಗೆಯಲ್ಲಿ ಟರ್ಬೊ ಸಂಕೇತವನ್ನು ಕೈಬಿಟ್ಟು ಬೇರೆ ಸಂಕೇತಗಳನ್ನು ತಂದರು. ಆದರೂ ಅಲ್ಲಿ ಮತ್ತೆ ಅಡ್ಡ ಬರೆದು ಉದ್ದ ಓದುವ ಹಳೆಯ ಚೌಕ ಬಂದು ಕುಳಿತಿದೆ.

ಇಷ್ಟು ಬರೆದಾಗ ಇದೆಲ್ಲ ನಮ್ಮ ಘನಪಾಠದಲ್ಲಿ ಮೊದಲೇ ಇತ್ತು ಎಂದು ಓಲೆ ಬರುತ್ತದೆಂದು ಬಲ್ಲೆ. ಪದಗಳನ್ನು 1-2, 2-1, 1-2-3, 3-2-1, 1-2-3 ಎಂದು ಹಿಂದುಮುಂದು ಹೆಣೆದು ಹೇಳುವ ಆ ಪದ್ಧತಿಯ ಬಗೆಗೆ ನನಗೆ ಅಪಾರ ಗೌರವವಿದೆ. ಆದರೆ ಅದು ಇಂಟರ್‌ಲೀವರ್ ಅಲ್ಲ. ಅದು ನೆರೆಯ ಪದಗಳನ್ನು ಮತ್ತೆ ಮತ್ತೆ ನೆರೆಯಲ್ಲೇ ಇಟ್ಟು ಬಂಧವನ್ನು ಗಟ್ಟಿಮಾಡುತ್ತದೆ. ಮನುಷ್ಯನ ನೆನಪಿಗೆ ಬೇಕಾದದ್ದು ಅದೇ. ಇಂಟರ್‌ಲೀವರ್ ನೆರೆಯವರನ್ನು ಅಗಲಿಸುತ್ತದೆ. ಎರಡರ ಉದ್ದೇಶವೂ ಉಳಿಸುವುದೇ; ಉಪಾಯ ತದ್ವಿರುದ್ಧ. ಹಿರಿಯರನ್ನು ಹೊಗಳಲು ಅವರು ಮಾಡದ ಕೆಲಸವನ್ನು ಅವರ ಹೆಸರಿಗೆ ಬರೆಯಬೇಕಾಗಿಲ್ಲ.

ಮತ್ತೆ ರಿಜಿಸ್ಟರಿಗೆ ಬರುತ್ತೇನೆ. ಗೆದ್ದಲು ತಿಂದ ಸಾಲುಗಳಲ್ಲಿ ಏಳನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟ ಒಬ್ಬ ಹುಡುಗನದ್ದೂ ಇತ್ತು. ವರ್ಗಾವಣೆ ಪತ್ರವನ್ನು ಅವನು ಒಯ್ದಿರಲಿಲ್ಲ. 1988ರಲ್ಲಿ ಡ್ರೈವರ್ ಹುದ್ದೆಗೆ ಅರ್ಜಿ ಹಾಕಲು ಜನ್ಮದಿನಾಂಕದ ದಾಖಲೆ ಬೇಕೆಂದು ನನ್ನ ಮುಂದೆ ಬಂದು ನಿಂತ. ನಾನು ರಿಜಿಸ್ಟರ್ ತೆರೆದು ತೂತನ್ನು ತೋರಿಸಿದೆ. ಕೋರ್ಟಿಗೆ ಹೋಗಿ ಆದೇಶ ತರಬಹುದಿತ್ತು. ಅದಕ್ಕೆ ಬೇಕಾದ ಹಣವೂ ಕಾಲವೂ ಅವನಲ್ಲಿರಲಿಲ್ಲ. ಅರ್ಜಿಯ ಕೊನೆಯ ದಿನ ದಾಟಿತು. ಅವನು ಬಹುಕಾಲ ಬೇರೆಯವರ ಲಾರಿ ಓಡಿಸಿದ. ಪಿಂಚಣಿ ಇಲ್ಲ, ರಜೆ ಇಲ್ಲ.

ಮೊನ್ನೆ ಅವನು ಮಗಳೊಂದಿಗೆ ಮನೆಗೆ ಬಂದಿದ್ದ. ಮಕ್ಕಳು ಅರವತ್ತರ ಶಾಂತಿ ಮಾಡಿಸಬೇಕೆನ್ನುತ್ತಿದ್ದಾರೆ, ಪುರೋಹಿತರು ಹುಟ್ಟಿದ ದಿನ ಕೇಳುತ್ತಿದ್ದಾರೆ, “ನಿಮಗೇನಾದ್ರೂ ನೆನಪುಂಟಾ ಮೇಷ್ಟ್ರೇ?” ಎಂದ. ನನಗೆಲ್ಲಿಂದ ನೆನಪಿರಬೇಕು? ಮನೆಯಲ್ಲಿ ಯಾರಾದರೂ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆ. “ಅವ್ವ ಹೇಳ್ತಿತ್ತು, ಶಾಸ್ತ್ರಿ ತೀರಿಕೊಂಡ ವರ್ಷ ಅಂತ. ಊರ ತೇರಿನ ಮಾರನೇ ದಿನ, ಬೆಳಗಿನ ಜಾವ” ಎಂದ.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ನಿಧನರಾದದ್ದು 1966ರ ಜನವರಿಯಲ್ಲಿ. ಆ ಊರಿನ ತೇರು ಚೈತ್ರ ಹುಣ್ಣಿಮೆಗೆ. ಒಂದು ತುಣುಕು ರೇಡಿಯೋದ ಸುದ್ದಿಯಲ್ಲಿ, ಇನ್ನೊಂದು ದೇವಸ್ಥಾನದ ತಿಥಿಯಲ್ಲಿ. ಯಾವ ಗೆದ್ದಲೂ ಎರಡನ್ನೂ ಒಟ್ಟಿಗೆ ಮುಟ್ಟುವಂತಿರಲಿಲ್ಲ. 1988ರಲ್ಲಿ ಆ ತಾಯಿ ಬದುಕಿದ್ದಳು. ನಾನು ಕೇಳಲಿಲ್ಲ. ಕೇಳಿದ್ದರೂ ಕಚೇರಿ ಅದನ್ನು ಒಪ್ಪುತ್ತಿರಲಿಲ್ಲವೇನೋ; ಆದರೆ ನಾನು ಕೇಳಲೇ ಇಲ್ಲವಲ್ಲ.

ಪರಾಭವ ಸಂವತ್ಸರದ ಪಂಚಾಂಗವನ್ನು ಪರಿಚಿತ ಜೋಯಿಸರ ಮನೆಯಿಂದ ತರಿಸಿ ಮರುದಿನ ಲೆಕ್ಕ ನೋಡಿದೆ. ಏಪ್ರಿಲ್ ತಿಂಗಳ ಮೊದಲ ವಾರದ ಒಂದು ದಿನ. ಅಂಕಿಗಳಲ್ಲಿ ಒಂದು ಚೀಟಿಯಲ್ಲಿ ಬರೆದು ಅವನ ಜೇಬಿಗೆ ಹಾಕಿದೆ. ಅಕ್ಷರಗಳಲ್ಲಿ ಇನ್ನೊಂದು ಚೀಟಿಯಲ್ಲಿ ಬರೆದು ಅವನ ಮಗಳ ಕೈಗೆ ಕೊಟ್ಟೆ.